ತೋತಾಪುರಿ ಲಾರಿ ಹತ್ತಿ ಹೋದ ಡ್ರೋನು

ನಿಮ್ಮ ಮನೆಯ ಯಜಮಾನರ ಜೀವ ಎಂದಾದರೂ ಮಾವಿನಕಾಯಿ ಲಾರಿ ಹತ್ತಿ ಆಂಧ್ರದ ಕಡೆ ಹೊರಟುಬಿಟ್ಟಿದೆಯೇ? ಇಲ್ಲ ತಾನೇ? ಹಾಗಾದರೆ ನಗುವ ಮೊದಲು ಸ್ವಲ್ಪ ಕೇಳಿ. ಈ ಫೋನಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಒತ್ತುವುದನ್ನು ಈಗಷ್ಟೇ ಕಲಿತಿದ್ದೇನೆ, ನಿಧಾನವಾಗಿಯೇ ಹೇಳುತ್ತೇನೆ.

ನಮ್ಮ ಯಜಮಾನರು ಕೂದಲು ಬೆಳ್ಳಗಾಗುವವರೆಗೂ ಬಸ್ಸು ಓಡಿಸಿದವರು. ಕೋಲಾರ, ಮಾಲೂರು, ಮುಳಬಾಗಿಲು, ನಮ್ಮ ಶ್ರೀನಿವಾಸಪುರ, ಈ ರಸ್ತೆಗಳ ಒಂದೊಂದು ಹಳ್ಳವೂ ಅವರಿಗೆ ನೆಂಟರಿದ್ದ ಹಾಗೆ. ಸೊಂಟದ ಆಪರೇಷನ್ ಆದಮೇಲೆ ಕೋಲು ಹಿಡಿದು ಗೇಟಿನವರೆಗೆ ಹೋಗಿಬರುವುದೇ ಅವರ ಟ್ರಿಪ್ಪು ಆಯಿತು. ಅದನ್ನು ನೋಡಲಾಗದೆ ನಮ್ಮ ಸೊಸೆ ಅಂಗೈಯಗಲದ ಒಂದು ಡ್ರೋನು ತಂದುಕೊಟ್ಟಳು. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಅದನ್ನು ಹಾರಿಸುವುದು, ಅದು ಕಂಡದ್ದನ್ನು ಫೋನಿನಲ್ಲಿ ನೋಡುವುದು. "ಸರ್ಕಲ್ ಹತ್ರ ಜಾಮ್ ಆಗೈತೆ ಕಣೇ" ಎಂದು ನನಗೆ ಅಲ್ಲಿಂದಲೇ ವರದಿ. ಮುಖದಲ್ಲಿ ಹಳೆಯ ಡ್ರೈವರ್ ವಾಪಸ್ ಬಂದಿದ್ದ.

ಆ ಮೊದಲ ಡ್ರೋನು ದೇವರಾಯಸಮುದ್ರದಲ್ಲಿ ಹೋಯಿತು. ನನ್ನ ತಂಗಿಯ ಮನೆಗೆ ಹೋದಾಗ ಕೆರೆ ತೋರಿಸುತ್ತೇನೆ ಎಂದು ಹಾರಿಸಿದರು, ಜಾಲಿಮರಗಳ ಆಚೆ ಎಲ್ಲೋ ಇಳಿಯಿತು. ಕತ್ತಲಾಗುವ ತನಕ ಹುಡುಕಿದರೂ ಸಿಗಲಿಲ್ಲ. ಮನೆಗೆ ಬಂದವರು ಜಗಲಿಯ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ ಕೂತರು. ಬೈದರೂ ತಿರುಗಲಿಲ್ಲ, ಕೆಣಕಿದರೂ ತಿರುಗಲಿಲ್ಲ. ನನ್ನ ಜೊತೆ ಜಗಳ ಆಡದೆ ಇದ್ದಾರೆಂದರೆ ಏನು ಅರ್ಥ ಹೇಳಿ? ನನಗೆ ನಿಜವಾಗಿ ಭಯವಾಯಿತು.

ಮಗ ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿದ್ದಾನೆ, ಅವನೇ ಇನ್ನೊಂದು ಡ್ರೋನು ತಂದ. ಇವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದರು: "ಇದೂ ಹೋದ್ರೆ ಮುಗೀತು. ಮತ್ತೆ ರಿಮೋಟ್ ಮುಟ್ಟಲ್ಲ."

ಆ ಮಾತು ಕೇಳಿಯೇ ನಾನು ಸೊಸೆಯ ಜೊತೆ ಕೋಲಾರಕ್ಕೆ ಹೊರಟದ್ದು. ಕಳೆದ ಡ್ರೋನು ಎಲ್ಲಿದೆ ಎಂದು ತೋರಿಸುವ ಟ್ರ್ಯಾಕರ್ ಸಿಗುತ್ತದೆಂದು ಅವಳು ಹೇಳಿದ್ದಳು. ಗಡಿಯಾರದ ಗೋಪುರದ ಹತ್ತಿರ ಒಬ್ಬ ಸಾಹೇಬರ ಅಂಗಡಿ, ಅವರ ತಂದೆ ನಮ್ಮ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರು ಗಾಜಿನ ಮೇಲೆ ಮೂರು ಸಾಮಾನು ಇಟ್ಟರು.

ಮೊದಲನೆಯದು ನಾಣ್ಯದ ಹಾಗೆ ಪುಟ್ಟದು. "ಅಮ್ಮಾ, ಇದು ತುಂಬಾ ಹಗುರ. ಆದ್ರೆ ಪಕ್ಕದಲ್ಲಿ ಯಾರದಾದ್ರೂ ಫೋನ್ ಇದ್ರೇನೇ ಜಾಗ ಹೇಳೋದು."

"ಮಾವಿನ ತೋಪಲ್ಲಿ ಯಾರ ಫೋನಪ್ಪ ಇರ್ತದೆ? ಕೋತಿಗಳದ್ದಾ?"

"ಅರೆ, ಕೋತಿಗೆ ಇನ್ನೂ ಸಿಮ್ ಕೊಟ್ಟಿಲ್ಲ ಅಮ್ಮಾ" ಎಂದು ನಗುತ್ತಾ ಎರಡನೆಯದನ್ನು ಮುಂದೆ ತಳ್ಳಿದರು. ಅದು ಲಾರಿಗಳಿಗೆ ಹಾಕುವುದಂತೆ, ವಾರಗಟ್ಟಲೆ ಚಾರ್ಜು ಇರುತ್ತದಂತೆ. ಎತ್ತಿ ನೋಡಿದೆ, ಬಟ್ಟೆ ಸೋಪಿನಷ್ಟು ಭಾರ. ಅದನ್ನು ಕಟ್ಟಿದರೆ ನಮ್ಮ ಡ್ರೋನು ಕಾವಿಗೆ ಕೂತ ಕೋಳಿಯ ಹಾಗೆ ಅಂಗಳ ಬಿಟ್ಟು ಏಳುವುದಿಲ್ಲ.

ಮೂರನೆಯದು ಹೆಬ್ಬೆರಳಿನಷ್ಟು. ಅದಕ್ಕೆ ಅದರದೇ ಸಿಮ್ಮು, ಅದರದೇ ಬ್ಯಾಟರಿ. ಡ್ರೋನು ಸತ್ತರೂ ಇದು ಬದುಕಿರುತ್ತದೆ. ನಾವು ಕೇಳಿದಾಗ ಎಲ್ಲಿದ್ದೇನೆಂದು ನಕ್ಷೆಯಲ್ಲಿ ಚುಕ್ಕೆ ತೋರಿಸುತ್ತದೆ, ಹತ್ತಿರ ಹೋಗಿ ಇನ್ನೊಂದು ಗುಂಡಿ ಒತ್ತಿದರೆ ಕೀ ಕೀ ಎಂದು ಕೂಗುತ್ತದೆ.

"ಆದ್ರೆ ಬ್ಯಾಟರಿ ಚಿಕ್ಕದು ಅಮ್ಮಾ. ಎಲ್ಲಿದೀಯಾ ಎಲ್ಲಿದೀಯಾ ಅಂತ ಒಂದೇ ಸಮ ಕೇಳ್ತಾ ಇದ್ರೆ ಬೇಗ ಸುಸ್ತಾಗ್ತದೆ."

"ನಮ್ಮ ಯಜಮಾನರೂ ಹಾಗೇನೇ. ಇದೇ ಕೊಡಿ" ಎಂದೆ. ಡ್ರೋನಿಗೆ ಭಾರವಾಗದಿರಲೆಂದು ಅದನ್ನು ಪಕ್ಕದ ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಂಡೇ ಬಂದೆ. ಕಿವಿಯೋಲೆ ಮಾರಲು ಬಂದೆನೆಂದು ತಿಳಿದ ಸೇಟು ನನ್ನ ಕೈಯಲ್ಲಿದ್ದುದನ್ನು ನೋಡಿ ಪಾಪ ಪೆಚ್ಚಾದ.

ನಮ್ಮಲ್ಲಿ ಸೈಕಲ್ ತಂದರೂ ಪೂಜೆ ಆಗದೆ ಬೀದಿಗೆ ಇಳಿಯುವುದಿಲ್ಲ. ಆಕಾಶಕ್ಕೆ ಹೋಗುವ ಗಾಡಿಗೆ ಬೇಡವೇ? ಶುಕ್ರವಾರ ಡ್ರೋನಿಗೆ ಅರಿಶಿನ ಹಚ್ಚಿ ಕುಂಕುಮ ಇಟ್ಟೆ. ಟ್ರ್ಯಾಕರನ್ನು ಅದರ ಹೊಟ್ಟೆಗೆ ಇವರು ಅಂಟಿಸಿದ್ದರು, ಅದರ ಮೇಲೆ ದೃಷ್ಟಿಗೆ ಕಪ್ಪು ದಾರ ಸುತ್ತಿದೆ.

"ತೂಕ ಜಾಸ್ತಿ ಆಯ್ತದೆ, ಬಿಡೇ!"

"ಕುಂಕುಮಕ್ಕೆ ಎಂಥ ತೂಕ ರೀ? ನಾನು ಇಷ್ಟು ವರ್ಷ ಹೊತ್ಕೊಂಡಿಲ್ವಾ?"

ತೋತಾಪುರಿ ಮಾವು ಕೀಳುವ ಕಾಲ ಬಂತು. ಒಂದು ಮಧ್ಯಾಹ್ನ ಇವರು ಜಗಲಿಯಿಂದ ಹಾರಿಸುತ್ತಿದ್ದಾಗ ಇದ್ದಕ್ಕಿದ್ದಂತೆ ಗಾಳಿ ಎದ್ದಿತು. ಫೋನಿನಲ್ಲಿದ್ದ ಚಿತ್ರ ಓರೆಯಾಯಿತು, ಬರೀ ಎಲೆ ಕಾಣಿಸಿತು, ಆಮೇಲೆ ಕಪ್ಪು. ಇವರ ಬೆರಳು ರಿಮೋಟಿನ ಮೇಲೇ ನಿಂತುಹೋಯಿತು. ಗೋಡೆಯ ಕಡೆ ನೋಡಿದರು.

"ಕುರ್ಚಿ ತಿರುಗಿಸಿದ್ರೆ ಕಾಲು ಮುರೀತೀನಿ, ಕುರ್ಚೀದು!" ಎಂದು ಹೇಳಿ ನನ್ನ ಫೋನು ತೆಗೆದೆ. ಟ್ರ್ಯಾಕರಿನ ಆ್ಯಪು ನನ್ನ ಫೋನಿನಲ್ಲೇ ಇತ್ತು. ಗುಂಡಿ ಒತ್ತಿದೆ. ರಸ್ತೆಯಾಚೆಯ ತೋಪಿನ ಮೇಲೆ ಕೆಂಪು ಚುಕ್ಕೆ ಬಂದು ಕೂತಿತು.

ಸೊಸೆಯೂ ನಾನೂ ಓಡಿದೆವು. ತೋಪಿನಲ್ಲಿ ಕಾಯಿ ಕಿತ್ತು ಮುಗಿದಿತ್ತು, ಹೆಂಗಸರು ಮಂಕರಿ ಬುಟ್ಟಿಗಳನ್ನು ಕೊಡವುತ್ತಿದ್ದರು. ಚುಕ್ಕೆ ಇದ್ದ ಮರದ ಕೆಳಗೆ ನಿಂತು ಕೂಗುವ ಗುಂಡಿ ಒತ್ತಿದೆ. ಸದ್ದಿಲ್ಲ. ಮತ್ತೆ ಒತ್ತಿದೆ. ಇರುವೆ ಮಾತ್ರ ಕಾಲಿಗೆ ಹತ್ತಿತು. ಎಲ್ಲಿದ್ದೀಯಾ ಎಂದು ಇನ್ನೊಮ್ಮೆ ಕೇಳಿದೆ. ಚುಕ್ಕೆ ತೋಪಿನಲ್ಲಿ ಇರಲೇ ಇಲ್ಲ. ಮುಳಬಾಗಿಲು ರಸ್ತೆಯ ಮೇಲಿತ್ತು.

"ಅತ್ತೆ, ಇದು ಓಡ್ತಾ ಐತೆ!" ಎಂದಳು ಸೊಸೆ.

ಮಂಕರಿ ಹಿಡಿದ ಹೆಂಗಸೊಬ್ಬಳು ಹತ್ತಿರ ಬಂದಳು. "ಈ ಮರದ ಕೆಳಗೇ ಲಾರಿ ನಿಂತಿತ್ತಲ್ಲಕ್ಕ. ಕಾಯಿ ತುಂಬ್ಕೊಂಡು ಈಗ ಹೋಯ್ತು, ಚಿತ್ತೂರು ಕಡೆ, ಜ್ಯೂಸ್ ಫ್ಯಾಕ್ಟ್ರೀಗೆ."

ಡ್ರೋನು ಮರದಿಂದ ಜಾರಿ ಲೋಡಿನ ಮೇಲೆ ಬಿದ್ದಿದೆ! ಫ್ಯಾಕ್ಟರಿಯಲ್ಲಿ ಕಾಯಿಯ ರಾಶಿಯ ಜೊತೆ ಸುರಿದರೆ ಯಾರಿಗೆ ಕಾಣುತ್ತದೆ?

ಸೊಸೆ ಕಾರು ತೆಗೆದಳು. ಇವರು ಕೋಲು ಊರಿಕೊಂಡು ಆಗಲೇ ಗೇಟಿನಲ್ಲಿ ನಿಂತಿದ್ದರು. ಬೇಡವೆಂದರೂ ಮುಂದಿನ ಸೀಟಿನಲ್ಲಿ ಕೂತರು. ಕೂರುವಾಗ ಸೊಂಟ ನೋವಾಗಿ ಹಲ್ಲು ಕಚ್ಚಿದ್ದನ್ನು ನಾನು ನೋಡಿದೆ.

"ನಂಗಲಿ ದಾಟಿದ್ರೆ ಘಾಟ್ ಸಿಗ್ತದೆ, ಆಮೇಲೆ ಸಿಗ್ನಲ್ ಬರಲ್ಲ" ಎಂದರು. ನಂಗಲಿ ನಮ್ಮ ಕಡೆಯ ಕೊನೆಯ ಊರು. "ಇನ್ನೊಂದ್ಸಲ ಒತ್ತೇ, ಎಲ್ಲೈತೆ ನೋಡು."

ಒತ್ತಿದೆ. ಮುಳಬಾಗಿಲು ದಾಟಿತ್ತು. ಬ್ಯಾಟರಿಯ ಗುರುತು ಕೆಂಪಾಗಿತ್ತು.

"ಇನ್ನೊಂದ್ಸಲ ನೋಡೇ."

"ಆಗಲ್ಲ ರೀ. ಉಳಿದಿರೋ ಜೀವ ಕೂಗೋದಕ್ಕೆ ಬೇಕು." ಸಾಹೇಬರು ಹೇಳಿದ ಮಾತು ತಲೆಯಲ್ಲೇ ಇತ್ತು. ಫೋನನ್ನು ಎದೆಗೆ ಅವಚಿಕೊಂಡು ಎರಡೂ ಕೈ ಮುಚ್ಚಿದೆ. ನನ್ನ ಬೆರಳನ್ನೇ ನಾನು ನಂಬುವ ಹಾಗಿರಲಿಲ್ಲ. ಎದುರು ಬಂದ ಪ್ರತಿ ತಿರುವಿನಲ್ಲೂ ಇವರು ಕೋಲನ್ನು ಗೇರಿನ ಹಾಗೆ ಹಿಡಿದು, "ಓವರ್‌ಟೇಕ್ ಮಾಡಮ್ಮ, ಈಗ, ಈಗ" ಎನ್ನುತ್ತಿದ್ದರು. ಸೊಸೆ ಹಲ್ಲು ಬಿಗಿಹಿಡಿದು, "ಮಾವ, ಬ್ರೇಕ್ ನಿಮ್ಮ ಕಾಲಿನ ಹತ್ರ ಇಲ್ಲ, ಸುಮ್ನೆ ಕೂತ್ಕೊಳ್ಳಿ" ಎಂದಳು. ಯಾರೂ ನಗಲಿಲ್ಲ.

ನಂಗಲಿಗೆ ಮೊದಲು ಒಂದು ಟೀ ಹೋಟೆಲಿನ ಮುಂದೆ ಮಾವಿನಕಾಯಿ ಲಾರಿಗಳು ಸಾಲಾಗಿ ನಿಂತಿದ್ದವು. ಎಲ್ಲದರ ಮೇಲೂ ಒಂದೇ ಹಸಿರು ಕಾಯಿ, ಒಂದೇ ಥರದ ಬಲೆ. ನಮ್ಮದು ಇಲ್ಲಿದೆಯೋ, ಆಗಲೇ ದಾಟಿಹೋಗಿದೆಯೋ? ಜಾಗ ಕೇಳಿದರೆ ಕೂಗುವುದಕ್ಕೆ ಚಾರ್ಜು ಉಳಿಯುತ್ತದೋ ಇಲ್ಲವೋ.

ಇವರು ಕಾರಿನಿಂದ ಇಳಿದುಬಿಟ್ಟರು. ಕೋಲು ಊರಿ, ಸಾಲಿನ ನಡುವೆ ನಡೆಯತೊಡಗಿದರು. ಆಪರೇಷನ್ ಆದಮೇಲೆ ಅಷ್ಟು ದೂರ ನಡೆದವರೇ ಅಲ್ಲ. ಸೊಸೆ ತೋಳು ಹಿಡಿಯಲು ಹೋದರೆ ಕೊಡವಿಕೊಂಡರು. ಸಾಲಿನ ಮಧ್ಯಕ್ಕೆ ಬಂದಾಗ ನಿಂತು ನನ್ನ ಕಡೆ ತಲೆಯಾಡಿಸಿದರು.

ಕಣ್ಣು ಮುಚ್ಚಿ ಒತ್ತಿದೆ. ಹೆದ್ದಾರಿಯ ಹಾರ್ನು, ಹೋಟೆಲಿನ ಲೋಟಗಳ ಸದ್ದು. ಆಮೇಲೆ ಎಲ್ಲೋ ಮರಿ ಇಲಿಯ ಹಾಗೆ, ಕೀ, ಕೀ.

"ಅಲ್ಲಿ! ಕ್ಯಾಬಿನ್‌ನಲ್ಲಿ!" ಇವರು ಕೋಲು ಎತ್ತಿ ತೋರಿಸಿದರು. ಅಷ್ಟರಲ್ಲಿ ಸದ್ದು ನಿಂತುಹೋಯಿತು. ಫೋನು ನೋಡಿದೆ, ಟ್ರ್ಯಾಕರಿನ ಪ್ರಾಣ ಹೋಗಿತ್ತು. ಆದರೆ ಲಾರಿ ಸಿಕ್ಕಿತ್ತು. ಗಾಜಿನ ಒಳಗೆ, ದೇವರ ಪಟಗಳ ಮುಂದೆ, ಊದುಬತ್ತಿಯ ಪಕ್ಕ, ನಮ್ಮ ಡ್ರೋನು ಉತ್ಸವಮೂರ್ತಿಯ ಹಾಗೆ ಕೂತಿತ್ತು.

ಟೀ ಲೋಟ ಹಿಡಿದೇ ಡ್ರೈವರ್ ಓಡಿಬಂದ. ಗಡಿಯ ಕಡೆಯವನು, ಅರ್ಧ ತೆಲುಗು ಅರ್ಧ ಕನ್ನಡ. "ಮುಳಬಾಗಿಲಲ್ಲಿ ಹಗ್ಗ ಬಿಗಿಯೋಕೆ ಮೇಲೆ ಹತ್ತಿದೆ ತಾತಾ, ಕಾಯಿ ಮೇಲೆ ಇದು ಬಿದ್ದಿತ್ತು. ಏನೋ ಪ್ಲಾಸ್ಟಿಕ್ ಅಂತ ರೋಡಿಗೆ ಬಿಸಾಕೋಕೆ ಕೈ ಎತ್ತಿದ್ದೆ. ನೋಡಿದ್ರೆ ಬೊಟ್ಟು ಇಟ್ಟವ್ರೆ, ಕಪ್ಪು ದಾರ ಕಟ್ಟವ್ರೆ. ಪೂಜೆ ಸಾಮಾನು ಎಟ್ಲಾ ಪಾರೇಸೇದಿ, ಹೆಂಗೆ ಬಿಸಾಕೋದು ಹೇಳಿ? ಅದಕ್ಕೇ ಸ್ವಾಮಿ ಮುಂದೆ ಇಟ್ಟೆ."

ಇವರು ಡ್ರೋನನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಒಂದು ರೆಕ್ಕೆ ಮುರಿದಿತ್ತು, ಅಷ್ಟೇ. ಬೆರಳಿಗೆ ಕುಂಕುಮ ಹತ್ತಿತು, ಒರೆಸಿಕೊಳ್ಳಲಿಲ್ಲ. ಡ್ರೈವರ್‌ಗೆ ಏನೋ ಹೇಳಲು ಹೋದವರು, ಅವನ ಲಾರಿಯ ಟೈರನ್ನು ಕೋಲಿನಿಂದ ತಟ್ಟಿ, "ಹಿಂದಿನ ಎಡಗಡೇದು ಗಾಳಿ ಕಮ್ಮಿ ಐತೆ, ನೋಡ್ಕೊಳಪ್ಪ" ಎಂದರು.

ವಾಪಸ್ ಬರುವಾಗ ನನಗೆ ಬಾಯಿ ಸುಮ್ಮನಿರಲಿಲ್ಲ. ಹಿಂದಿನ ಸೀಟಿನಿಂದ ಬಗ್ಗಿ ಕೇಳಿಯೇಬಿಟ್ಟೆ: "ನೋಡಿದ್ರಾ? ತೂಕ, ತೂಕ ಅಂತಿದ್ರಲ್ಲ? ಆ ಟ್ರ್ಯಾಕರ್ ಅಲ್ಲ ರೀ, ಇದನ್ನ ಉಳಿಸಿದ್ದು ನನ್ನ ಕುಂಕುಮ!"

ಇವರು ತಿರುಗಿಯೂ ನೋಡದೆ, ಡ್ರೋನಿನ ಮುರಿದ ರೆಕ್ಕೆ ಸವರುತ್ತಾ ಹೇಳಿದರು: "ಅಷ್ಟು ನಂಬಿಕೆ ಇದ್ದೋಳು ದಾರಿಯುದ್ದಕ್ಕೂ ಫೋನ್ ಯಾಕೆ ಎದೆಗೆ ಅವಚ್ಕೊಂಡಿದ್ದೆ? ಕುಂಕುಮದ ಭರಣಿ ಹಿಡ್ಕೊಂಡು ಕೂತ್ಕೋಬೇಕಾಗಿತ್ತು ಕಣೇ!"