ಗೋಣಿ ಬಿಚ್ಚಿದ ಬೀಸುವ ಕಲ್ಲು

2004ರಲ್ಲಿ ನಾನು ಗುಂಡ್ಲುಪೇಟೆಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿಯಾಗಿದ್ದೆ. ಚಾಮರಾಜನಗರದಲ್ಲಿ ಬಾಡಿಗೆ ಮನೆ, ದಿನವೂ ಬೆಳಗಿನ ಬಸ್ಸು. ನಮ್ಮದು ಹರದನಹಳ್ಳಿ. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋದವರು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಿಲ್ಲ.

ಅಂತಿಮ ಬಿ.ಎ. ತರಗತಿಗೆ ಒಂದು ಪದ್ಯವಿತ್ತು. ಅಮೆರಿಕದಲ್ಲಿ ಹಿಂದೆ ಹೊಸ ಜಮೀನು ಹುಡುಕಿ ಸಂಸಾರಗಳು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ಕಾಲದ್ದು. ಹೀಗೆ ಹೊಸ ನೆಲಕ್ಕೆ ಮೊದಲು ಹೋಗಿ ನೆಲೆಸಿದವರನ್ನು ‘ಪಯನಿಯರ್ಸ್’ ಎನ್ನುತ್ತಾರೆ. ಪದ್ಯದ ಹೆಂಗಸು ಗಾಡಿಯ ಭಾರ ಇಳಿಸಲು ದಾರಿಯುದ್ದಕ್ಕೂ ಒಂದೊಂದೇ ಸಾಮಾನು ಬಿಡುತ್ತಾ ಹೋಗುತ್ತಾಳೆ. ತೊಟ್ಟಿಲು ಬಿಡುವ ಹೊತ್ತಿಗೆ ಮಗು ಇಲ್ಲ. ಅದನ್ನು ಹೊಳೆಯ ದಡದಲ್ಲಿ ಹೂತಾಗಿದೆ.

ಪಾಠ ಮುಗಿದಾಗ ಮಂಗಳ ಎಂಬ ಹುಡುಗಿ ಎದ್ದು ನಿಂತಳು. “ಗಾಡಿ ಕಟ್ಟೋಕೆ ಮುಂಚೆ ಅವ್ಳನ್ನ ಯಾರೂ ಒಂದ್ ಮಾತು ಕೇಳ್ನಿಲ್ವಾ ಮೇಡಂ?”

ಮರುವಾರದಿಂದ ಅವಳು ಕಾಲೇಜಿಗೆ ಬರಲಿಲ್ಲ. ಪರೀಕ್ಷೆಗೆ ಎರಡೂವರೆ ತಿಂಗಳಿತ್ತು. ಅವಳ ಗೆಳತಿಯನ್ನು ವಿಚಾರಿಸಿದೆ. “ಮನೆಯೋರೆಲ್ಲ ವಯನಾಡ್ಗೆ ಓಯ್ತಾವ್ರೆ ಮೇಡಂ. ಭಾನ್ವಾರ ಲಾರಿ ಬತ್ತದೆ.”

ಶನಿವಾರ ಮಧ್ಯಾಹ್ನ ಊಟಿ ರಸ್ತೆಯ ಪಕ್ಕದ ಅವಳ ಹಳ್ಳಿಗೆ ಹೋದೆ. ಅವಳ ತಾಯಿ ಚಿಕ್ಕತಾಯಮ್ಮ ಗಂಟು ಕಟ್ಟುತ್ತಿದ್ದರು. ಬಾಗಿಲ ಬಳಿ ಗೋಣಿ ಸುತ್ತಿದ ಏನೋ ಭಾರದ ವಸ್ತು ಇತ್ತು. ಏನೆಂದು ಕೇಳಿದೆ.

“ಬೀಸೋಕಲ್ಲು ಕಣವ್ವ. ವಾಪಸ್ ಬರೋರು ಕಲ್ನ ಮನೇಲೇ ಬುಟ್ಟೋಯ್ತಾರೆ. ಬರ್ದೇ ಇರೋರು ಒತ್ಕಂಡೋಯ್ತಾರೆ. ನಮ್ಮತ್ತೆ ಏಳೋರು.”

ಅವರ ಗಂಡ ಆಗಲೇ ಕೇರಳದ ವಯನಾಡಿನ ಕಾಫಿ ತೋಟದಲ್ಲಿದ್ದ. ದುಡಿಯುವವರು ಮೂವರಿದ್ದರೆ ಮಾತ್ರ ತೋಟದವರು ಕೂಲಿಗಳ ಸಾಲಿನಲ್ಲಿ ಒಂದು ಕೋಣೆ ಕೊಡುತ್ತಿದ್ದರು. ಅದಕ್ಕೆ ಲೈನ್‌ಮನೆ ಎನ್ನುತ್ತಾರೆ. ಆ ಮೂರನೆಯ ಆಳು ಮಂಗಳ.

ಪರೀಕ್ಷೆಯವರೆಗಾದರೂ ಅವಳನ್ನು ಇಲ್ಲೇ ಬಿಡಿ ಎಂದೆ. ನಮ್ಮವ್ವ ಕಷ್ಟಪಟ್ಟು ನನ್ನನ್ನು ಓದಿಸಿದ್ದನ್ನು ಹೇಳಿದೆ.

“ನಿಮ್ಮವ್ವ ದೊಡ್ಡೋರು ಬುಡಿ. ಇಬ್ರೇ ಆದ್ರೆ ನಮ್ಗೆ ಶೆಡ್ಡು. ಎಂಟತ್ತು ಸಂಸಾರದ ಮಧ್ಯೆ ಮಲಿಕಬೇಕು. ಎಂಗಸಾದೋಳು ಸೀರೆ ಎಲ್ ಬದ್ಲಾಯ್ಸಳು, ಏಳಿ.”

ಮಂಗಳ ಗೋಡೆಗೆ ಒರಗಿ ನಿಂತಿದ್ದಳು. ಚಿಕ್ಕತಾಯಮ್ಮ ಅವಳತ್ತ ಕೈ ತೋರಿಸಿದರು. “ಅದ್ಯಾವ್ದೋ ಗಾಡಿ ಪದ್ಯ ಅಂತ ವಾರದಿಂದ ಗೊಣಗ್ತಾವ್ಳೆ. ಮೇಡಮ್ಮೋರು ಬಂದವ್ರೆ, ಅದ್ನಾರ ಏಳಮ್ಮಿ.”

ಮಂಗಳ ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ. ಅವ್ವನಿಗೆ ತಿಳಿಯುವ ಹಾಗೆ, ಸೋಬಾನೆ ಹೇಳುವವರ ಧಾಟಿಯಲ್ಲಿ ಮೆಲ್ಲಗೆ ಹೇಳಿದಳು:

“ಕನ್ನಡಿ ಬುಟ್ಟೆ ಬೇಲಿ ಸಾಲಲ್ಲಿ,
ತೊಟ್ಲು ಬುಟ್ಟೆ ಒಳೆ ದಡದಲ್ಲಿ,
ಗಾಡಿ ಅಗುರಾಯ್ತು ಅಂತಾನೆ ಯಜಮಾನ,
ಎತ್ತಿಗ್ ಗೊತ್ತು ನಾನೆಷ್ಟ್ ಭಾರ ಅಂತ.”

ಚಿಕ್ಕತಾಯಮ್ಮನ ಕೈ ಗಂಟಿನ ಮೇಲೆ ನಿಂತುಬಿಟ್ಟಿತು. “ಆಮೇಕೆ ಆ ಯಮ್ಮ ವಾಪಸ್ ಬಂದ್ಲಾ?”

ಮಂಗಳ ನನ್ನ ಮುಖ ನೋಡಿದಳು. “ಪದ್ಯದಲ್ಲಿ ಅದಿಲ್ಲ” ಎಂದೆ.

“ಬರ್ದೋನು ಗಂಡಸಾ?”

“ಅಲ್ಲ, ಹೆಂಗಸು.”

“ಅಂಗಾರೆ ಗೊತ್ತಿದ್ದೂ ಏಳಿಲ್ಲ ಬುಡಿ.”

ಚಿಕ್ಕತಾಯಮ್ಮ ಎದ್ದು ಗೋಣಿ ಬಿಚ್ಚಿದರು. “ಇಡ್ಕಮ್ಮಿ ಆ ಕಡೆ” ಎಂದರು. ತಾಯಿ ಮಗಳು ಸೇರಿ ಕಲ್ಲನ್ನು ಮೂಲೆಯ ಹಳೆಯ ಜಾಗದಲ್ಲೇ ಇಟ್ಟರು.

“ಶೆಡ್ಡೇ ಆಗ್ಲಿ. ನೀನು ಇಲ್ಲೇ ದೊಡ್ಡವ್ವನ ಮನೇಲಿ ಮಲಿಕ. ನಪಾಸಾದ್ಯೋ, ಈ ಕಲ್ನ ವಯನಾಡ್ಗಂಟ ನಿನ್ ತಲೆ ಮೇಲೇ ಒರ್ಸ್ತೀನಿ.”

ಭಾನುವಾರ ಲಾರಿ ಹತ್ತಿದವರು ಚಿಕ್ಕತಾಯಮ್ಮ ಒಬ್ಬರೇ.

ಮಂಗಳ ಎರಡನೇ ದರ್ಜೆಯಲ್ಲಿ ಪಾಸಾದಳು. ಫಲಿತಾಂಶ ಬಂದ ವಾರ, ಊರಿಗೆ ಮರಳಿದ್ದ ಚಿಕ್ಕತಾಯಮ್ಮ ಕಾಲೇಜಿನ ಗೇಟಿಗೆ ಬಂದರು. ತುಂಬ ಸೊರಗಿದ್ದರು. ಶೆಡ್ಡಿನಲ್ಲಿ ಸೀರೆಯೊಂದನ್ನು ಅಡ್ಡ ಕಟ್ಟಿಕೊಂಡು ಅಷ್ಟು ತಿಂಗಳು ಕಳೆದಿದ್ದರಂತೆ. ನಾನು ಸಮಾಧಾನ ಹೇಳಲು ಹೋದರೆ ಅವರೇ ತಡೆದರು.

“ಆ ಗಾಡಿ ಯಮ್ಮನ ಪಾಠ ಮಾಡ್ವಾಗ, ಒಬ್ಳು ವಾಪಸ್ ಬಂದ್ಲು ಅಂತ ಸೇರ್ಸ್ಕಳಿ.”

ಪದ್ಯವನ್ನು ಬಿಡಿಸಿ ಹೇಳಿದರೆ ನನ್ನ ಕೆಲಸ ಮುಗಿಯಿತು ಎಂದು ಅದುವರೆಗೆ ತಿಳಿದಿದ್ದೆ. ಹೇಳಿ ಮುಗಿಸಿದ ಮೇಲೆ, ಕೇಳಿದವರು ಏನು ಕೇಳುತ್ತಾರೋ ಎಂದು ಕಾಯುವುದೂ ಮೇಷ್ಟರ ಕೆಲಸವೇ ಎಂದು ಆ ಮನೆಯಲ್ಲಿ ಕಲಿತೆ. ಆ ಪದ್ಯ ಪಠ್ಯದಲ್ಲಿ ಇದ್ದಷ್ಟು ವರ್ಷವೂ ಅವರು ಹೇಳಿದ್ದನ್ನು ಸೇರಿಸಿಯೇ ಪುಸ್ತಕ ಮುಚ್ಚುತ್ತಿದ್ದೆ.