ದೊಡ್ಡಣ್ಣನ ಹೆಗಲ ಟವೆಲು

ನಮ್ಮ ಅತ್ತಿಗೆ ಸಿದ್ಧ ಉಡುಪಿನ ಕಾರ್ಖಾನೆಯೊಂದರ ಅಡುಗೆಮನೆಯಲ್ಲಿ ಆರು ವರ್ಷ ದುಡಿದರೂ ಅಲ್ಲಿಯ ಒಂದು ಲೋಟ ನೀರನ್ನು ಮುಟ್ಟಿದವರಲ್ಲ. ಬುತ್ತಿಯೂ ಮನೆಯದು, ನೀರೂ ಮನೆಯದು. ಕಾರಣ, ಮುಖ್ಯ ಅಡುಗೆಯವನ ಹೆಗಲ ಮೇಲಿನ ಟವೆಲು. ಎಲ್ಲರೂ ದೊಡ್ಡಣ್ಣ ಎಂದು ಕರೆಯುತ್ತಿದ್ದ ಆತನ ಕೈರುಚಿಗೆ ಎರಡು ಮಾತಿರಲಿಲ್ಲ. ಆದರೆ ಹಣೆಯ ಬೆವರು, ಸೋರುವ ಮೂಗು, ಈರುಳ್ಳಿ ಹೆಚ್ಚಿದ ಮಣೆ, ಊಟದ ತಟ್ಟೆ, ಎಲ್ಲಕ್ಕೂ ಅದೊಂದೇ ಟವೆಲು.

ಅತ್ತಿಗೆ ಹಳೆಯ ಹೊದಿಕೆಯೊಂದನ್ನು ಹರಿದು, ತುಂಡುಗಳ ಅಂಚಿಗೆ ಬಣ್ಣದ ದಾರ ಹೊಲಿದು, ಮೊಳೆಗಳಿಗೆ ತೂಗುಹಾಕಿದರು. ಕೆಂಪಂಚಿನದು ನೆಲಕ್ಕೆ, ಹಸಿರಂಚಿನದು ತಟ್ಟೆಗೆ. ವಾರ ಕಳೆಯುವುದರೊಳಗೆ ತೊಳೆದ ತಟ್ಟೆಗಳ ಮೇಲೆಯೇ ಕೆಂಪಂಚು ಒಣಗುತ್ತಿತ್ತು. ಕೇಳಿದರೆ, ಯಾವುದಾದರೇನು, ಬಟ್ಟೆ ತಾನೇ ಎಂದು ಅಡುಗೆಮನೆಯವರೆಲ್ಲ ನಗುತ್ತಿದ್ದರು. ಅತ್ತಿಗೆಗೆ ಸೋಪಮ್ಮ ಎಂಬ ಹೆಸರು ಬಿದ್ದದ್ದೂ ಆಗಲೇ. ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

ಒಮ್ಮೆ ಅಲ್ಲಿ ಉಂಡ ಹನ್ನೆರಡು ಮಂದಿ ಕೆಲಸಗಾರರು ಹೊಟ್ಟೆ ಕೆಟ್ಟು ಮಲಗಿದರು. ಆರೋಗ್ಯಾಧಿಕಾರಿ ಬಂದು, ಹದಿನೈದು ದಿನ ಬಿಟ್ಟು ಮತ್ತೆ ಬರುವುದಾಗಿಯೂ, ಹೀಗೇ ಇದ್ದರೆ ಬೀಗ ಹಾಕಿಸುವುದಾಗಿಯೂ ಹೇಳಿಹೋದರು. ನಮ್ಮಣ್ಣ ಕಾಲು ಮುರಿದುಕೊಂಡು ಮನೆ ಹಿಡಿದಿದ್ದ ಕಾಲ ಅದು. ಅಲ್ಲಿ ಬೀಗ ಬಿದ್ದರೆ ನಮ್ಮ ಒಲೆಯೂ ಆರಿದಂತೆಯೇ. ಅತ್ತಿಗೆ ಗೋಡೆಗೂ ಸಾಬೂನು ಹಚ್ಚಿ ತಿಕ್ಕಿದರು.

ಹೇಳಿದ ದಿನವೇ ಅಧಿಕಾರಿ ಬಂದರು. ಕಪಾಟು, ಮೋರಿ, ಮೊಳೆಯ ಮೇಲಿನ ಬಟ್ಟೆಗಳನ್ನೆಲ್ಲ ನೋಡಿ ತಲೆದೂಗಿ, ಕುಡಿಯಲು ನೀರು ಕೇಳಿ, ಕಿಟಕಿಯ ಬೆಳಕಿಗೆ ತಿರುಗಿ ವರದಿ ಬರೆಯತೊಡಗಿದರು. ದೊಡ್ಡಣ್ಣನಿಗೆ ಎಲ್ಲಿಲ್ಲದ ಮರ್ಯಾದೆ ಉಕ್ಕಿತು. ತೊಳೆದಿಟ್ಟಿದ್ದ ಲೋಟವನ್ನು, ದೊಡ್ಡವರಿಗಲ್ಲವೇ ಎಂದು, ಹೆಗಲ ಟವೆಲಿನಿಂದ ಒಳಗೂ ಹೊರಗೂ ಮತ್ತೊಮ್ಮೆ ಒರೆಸಿ ನೀರು ತುಂಬಿದ.

ಅತ್ತಿಗೆ ಲೋಟ ಕಸಿದುಕೊಂಡರು. ಆ ಸದ್ದಿಗೆ ಅಧಿಕಾರಿ ತಿರುಗಿ ನೋಡಿದರು. ಚೆಲ್ಲುವ ಹಾಗಿಲ್ಲ, ಕೊಡುವ ಹಾಗಂತೂ ಇಲ್ಲ. ಗಂಟಲು ಒಣಗಿತ್ತು ಎಂದು ಹೇಳಿ ಗಟಗಟನೆ ತಾವೇ ಕುಡಿದು, ಬೇರೆ ಲೋಟ ತೊಳೆದು ಅವರಿಗೆ ನೀರು ಕೊಟ್ಟರು.

ಬೀಗ ಬೀಳಲಿಲ್ಲ. ಅಧಿಕಾರಿಯ ಬೆನ್ನು ಮರೆಯಾದ ಮೇಲೆ ಅತ್ತಿಗೆ ಕೈಯೊಡ್ಡಿದರು.

"ಆರು ವರ್ಷ ಕಾಪಾಡ್ಕೊಂಡು ಬಂದಿದ್ದೆ ಅಣ್ಣಾ. ಇವತ್ತು ನಿನ್ ಬೆವರು, ನಿನ್ ಮೂಗು ಎಲ್ಲಾ ನನ್ ಹೊಟ್ಟೇಲಿದೆ. ಆ ಟವೆಲ್ ಕೊಡು ಇಲ್ಲಿ."

ಆತ ಹೆಗಲಿನಿಂದ ತೆಗೆದು ಕೊಟ್ಟ. ಅದು ನೇರವಾಗಿ ಒಲೆಗೆ ಹೋಯಿತು.

ಮರುದಿನ ದೊಡ್ಡಣ್ಣ ಬರಿ ಹೆಗಲಲ್ಲಿ ಬಂದ. ತಟ್ಟೆ ಎತ್ತಿಕೊಂಡಾಗ ಅವನ ಕೈ ತಾನಾಗಿ ಹೆಗಲು ತಡವಿತು. ಏನೂ ಸಿಗಲಿಲ್ಲ. ಒಂದು ಗಳಿಗೆ ಯೋಚಿಸಿ, ಅಂಗಿಯ ತುದಿಯಿಂದ ತಟ್ಟೆ ಒರೆಸಿದ.

"ಅಂಗೀನೂ ಬಿಚ್ಚು," ಎಂದರು ಅತ್ತಿಗೆ.