ಮೂರನೇ ಬಕೆಟ್ಟಿನ ಯುಸ್ತಿನಾ

ಬೆಳಕು ಹರಿಯುವ ಮೊದಲು ಯುಸ್ತಿನಾ ಒಲೆಯ ಬೂದಿ ಬಾಚಿದಳು, ಸೌದೆ ಒಟ್ಟಿ ಬೆಂಕಿ ಹಚ್ಚಿದಳು, ಬಾವಿಯಿಂದ ಎರಡು ಬಕೆಟ್ ನೀರು ಹೊತ್ತು ತಂದಳು, ಹಸುವಿನ ಹಾಲು ಕರೆದಳು, ಹಂದಿಗೆ ಆಲೂಗಡ್ಡೆ ಸಿಪ್ಪೆ ಬೇಯಿಸಿ ಸುರಿದಳು, ಕೋಳಿಗಳನ್ನು ಗೂಡಿನಿಂದ ಬಿಟ್ಟಳು. ಅಡುಗೆಮನೆಯ ನೆಲದ ಮೇಲೆ ಅಡ್ಡಾದಿಡ್ಡಿ ಬಿದ್ದುಕೊಂಡಿದ್ದ ಗಂಡ ಝೆನಿಕ್, ಅವನ ಗೆಳೆಯರಾದ ಓರೆಸ್ಟ್ ಮತ್ತು ಲೆವ್ಕೋ, ಮೂವರನ್ನೂ ದಾಟಿಕೊಂಡು ಓಡಾಡುತ್ತಲೇ ಅವರ ಕಾಲುಚೀಲ ಒಗೆದು ಒಲೆಯ ಮೇಲಿನ ದಾರಕ್ಕೆ ಸಿಕ್ಕಿಸಿದಳು. ಇಷ್ಟೆಲ್ಲದರ ನಡುವೆ ಕೈಗೆ ಸಿಕ್ಕಿದ್ದರ ಮೇಲೆಲ್ಲ ತಾಳ ಹಾಕಿದಳು. ಹಾಲಿನ ಪಾತ್ರೆಯ ಮೇಲೆ, ಸೌದೆಯ ಮೇಲೆ, ಹಸುವಿನ ಹೊಟ್ಟೆಯ ಮೇಲೂ. ಹಸುವಿಗೆ ಇದು ಹೊಸದಲ್ಲ, ಅದು ಬಾಲ ಕೂಡ ಆಡಿಸಲಿಲ್ಲ.

ಕೊನೆಗೆ ನಾಷ್ಟಾದ ಚಿಂತೆ. ಹಿಂದಿನ ದಿನ ಮಾಡಿಟ್ಟಿದ್ದ ಎಲೆಕೋಸಿನ ಸುರುಳಿ, ಆಲೂಗಡ್ಡೆ ಕಡುಬು, ಸಾಸೇಜು ಎಲ್ಲವನ್ನೂ ಗಂಡಸರು ತಿಂದು ಗುಡಿಸಿ ಹಾಕಿದ್ದರು. ಉಳಿದಿದ್ದು ಒಂದಿಷ್ಟು ಬರಗಿನ ಅಕ್ಕಿ, ಹಾಲು, ಮೂಲೆಯಲ್ಲಿ ಕೂತಿದ್ದ ಅರ್ಧ ಸಿಹಿಗುಂಬಳ. ಒಳಕೋಣೆಯ ಎತ್ತರದ ದಿಂಬುಗಳ ಮೇಲೆ ಕೀವ್ ನಗರದಿಂದ ಬಂದ ದೊಡ್ಡ ಮನುಷ್ಯ ಮಲಗಿದ್ದಾನೆ, ಅವನನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದುಂಟೆ? ಯುಸ್ತಿನಾ ಕುಂಬಳಕಾಯಿ ಹೆಚ್ಚಿ, ಬರಗು ಹಾಕಿ, ಹಾಲು ಸುರಿದು ಗಂಜಿಗಿಟ್ಟಳು. ಅತ್ತೆ ಸ್ಟೆಫಾ ಇದ್ದಿದ್ದರೆ ಅಲ್ಲೇ ಕೈ ಹಿಡಿದು ತಡೆಯುತ್ತಿದ್ದಳು. ಆದರೆ ಭಾನುವಾರ, ಅತ್ತೆ ಆಗಲೇ ಚರ್ಚಿಗೆ ಹೋಗಿಯಾಗಿತ್ತು.

ಯುಸ್ತಿನಾಳ ಅಪ್ಪ ಚೋರ್ಟ್ಕಿವ್ ಪಟ್ಟಣದ ಸುತ್ತಮುತ್ತಲ ಮದುವೆಗಳಲ್ಲಿ ಡೋಲು ಬಾರಿಸುತ್ತಿದ್ದವನು. ಮಗಳು ಡೋಲು ಮುಟ್ಟಿದರೆ ಸಾಕು, "ಹೆಣ್ಮಕ್ಳು ಮದುವೇಲಿ ಕುಣಿಯೋರು ಕಣೇ, ಬಾರಿಸೋರಲ್ಲ, ಹೋಗು, ನೀರು ತಾ" ಎನ್ನುತ್ತಿದ್ದ. ಅವಳು ಹೋಗುತ್ತಿದ್ದಳು. ಎರಡು ಬಕೆಟ್ ನೀರು ಸೇದಿಟ್ಟು, ತಳ ತೂತಾಗಿ ಬಾವಿಕಟ್ಟೆಯ ಮೇಲೆ ಬಿದ್ದಿದ್ದ ಮೂರನೇ ಬಕೆಟ್ಟನ್ನು ಬೋರಲು ಹಾಕಿ ಬಾರಿಸುತ್ತಿದ್ದಳು. ಆ ಸದ್ದು ಕೇಳಿಕೊಂಡೇ ಝೆನಿಕ್ ಗಿಟಾರು ಹೆಗಲಿಗೆ ಹಾಕಿ ಬೇಲಿ ಹಾರಿ ಬಂದಿದ್ದು. ಮುಂದೆ ಮದುವೆಯಾಯಿತು, ವಾದ್ಯತಂಡವೂ ಆಯಿತು. ಯಾವುದು ಮೊದಲಾಯಿತು ಎಂದು ಕೇಳಿದರೆ ಗಂಡ ಹೆಂಡತಿ ಇವತ್ತಿಗೂ ಜಗಳವಾಡುತ್ತಾರೆ. ತಂಡದ ಹೆಸರು 'ಮೂರನೇ ಬಕೆಟ್'.

ಅವರ ಹಾಡುಗಳು ಮದುವೆಗೂ ಆಗುತ್ತಿರಲಿಲ್ಲ, ರೇಡಿಯೋಕ್ಕೂ ಆಗುತ್ತಿರಲಿಲ್ಲ. ಊರಿನ ಸಂಸ್ಕೃತಿ ಭವನದಲ್ಲಿ ಮೊದಲ ಕಾರ್ಯಕ್ರಮ ಕೊಟ್ಟಾಗ ಎರಡನೇ ಹಾಡಿಗೇ ಕರೆಂಟು ಹೋಗಿ, ಗಿಟಾರು ಮೂಕವಾಗಿ, ಲೆವ್ಕೋನ ತುತ್ತೂರಿ ಕತ್ತಲಿಗೆ ಹೆದರಿ ಸುಮ್ಮನಾಗಿ, ಬಕೆಟ್ ಒಂದೇ ಢಣಢಣ ಎನ್ನುತ್ತ ಉಳಿಯಿತು. ಜನ ಕುರ್ಚಿಗಳ ಮೇಲೆ ಹತ್ತಿ ಕುಣಿದರು. ಆಮೇಲೆ ಅವರು ಮನೆಯಲ್ಲೇ ಕ್ಯಾಸೆಟ್ ಮಾಡಿ ಸಂತೆಯಲ್ಲಿ ಕಾಲುಚೀಲ ಮಾರುವವಳ ಪಕ್ಕದಲ್ಲಿ ಹರವಿಕೊಂಡು ಕೂತರು. ಓರೆಸ್ಟ್ ಬೇಕರಿಯ ವ್ಯಾನು ಓಡಿಸುತ್ತಿದ್ದ. ಆ ವ್ಯಾನಿನಲ್ಲೇ ಊರೂರು ತಿರುಗಿದರು, ಹೋದಲ್ಲೆಲ್ಲ ಅವರಿಗಿಂತ ಮೊದಲು ಬ್ರೆಡ್ಡಿನ ವಾಸನೆ ವೇದಿಕೆ ಹತ್ತುತ್ತಿತ್ತು. ಟೆರ್ನೋಪಿಲ್ ಹತ್ತಿರದ ಒಂದು ಉತ್ಸವದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತ ಹುಡುಗ ಹುಡುಗಿಯರು "ಬಕೆಟ್! ಬಕೆಟ್!" ಎಂದು ಕೂಗಿದಾಗ ಯುಸ್ತಿನಾಳಿಗೆ ತಲೆ ಗಿರ್ರೆಂದಿತು. ಬೆಳಿಗ್ಗೆ ಹಸು ಕರೆದ ಕೈ ಸಂಜೆ ಒಂದು ಬಯಲನ್ನೇ ಕುಣಿಸುತ್ತಿದೆ! ಕಾರ್ಯಕ್ರಮ ಮುಗಿದ ಮೇಲೆ ಗಂಡಸರು ಬಿಯರ್ ಹಿಡಿದು ಕೂತರು. ಅವಳು ಅದೇ ಬಕೆಟ್ಟಿನ ತೂತಿಗೆ ಚಿಂದಿ ತುರುಕಿ ಅವರ ಬೂಟು ತೊಳೆದಳು. ಅದು ಅವಳಿಗೆ ಆಗ ವಿಚಿತ್ರ ಅನ್ನಿಸಿರಲಿಲ್ಲ.

ಹೀಗಿರುವಾಗ ಕೀವ್ ನಗರದ ವಾದಿಮ್ ಬಂದ. ಊರೂರಿನ ತಂಡಗಳನ್ನು ಹುಡುಕಿ ಟೀವಿಗೆ ಏರಿಸುವುದು ಅವನ ಕಸುಬು. ಶನಿವಾರ ಸಂಜೆ ಹಾಡು ಕೇಳಿದ, ಕಡುಬು ತಿಂದ, ಮೀಸೆ ಒರೆಸಿಕೊಂಡು ಹೇಳಿದ.

"ಒಂದು ಆಲ್ಬಂ, ಟೀವಿ, ದೇಶ ಪೂರ್ತಿ ಪ್ರವಾಸ. ಕೀವ್‌ನಲ್ಲಿ ಒಂದು ಫ್ಲ್ಯಾಟು, ಎಲ್ಲರೂ ಒಟ್ಟಿಗೇ ಇರಿ. ತಾಳಕ್ಕೆ ಯಂತ್ರ ಇದೆ, ಅದು ತಪ್ಪೋದೇ ಇಲ್ಲ. ಯುಸ್ತಿನಾ ಅವ್ರು ಕಸೂತಿ ಅಂಗಿ ಹಾಕ್ಕೊಂಡು ಬಕೆಟ್ ಹಿಡ್ಕೊಂಡು ನಿಂತ್ರೆ ಸಾಕು. ಕ್ಯಾಮೆರಾಗೆ ಚೆನ್ನಾಗಿ ಕಾಣುತ್ತೆ."

"ಬಾರಿಸೋದು?" ಎಂದಳು ಯುಸ್ತಿನಾ.

"ಕೈ ಆಡಿಸಿ, ಸಾಕು."

"ಒಳ್ಳೇದೇ ಆಯ್ತಲ್ಲೇ ಯುಸ್ಯಾ, ಕೈಗೆ ರೆಸ್ಟು," ಎಂದ ಝೆನಿಕ್. ಅವನ ಕಣ್ಣಲ್ಲಿ ಆಗಲೇ ಟೀವಿಯ ಬೆಳಕಿತ್ತು. "ಊಟದ್ದೂ ಚಿಂತೆ ಇಲ್ಲ. ಹೋಟೆಲ್ ಯಾಕೆ, ಇವಳೇ ಇರ್ತಾಳೆ."

"ಕಡುಬು ಮಾತ್ರ ವಾರಕ್ಕೆ ಮೂರು ದಿನ ಇರಲಿ," ಎಂದ ಓರೆಸ್ಟ್.

ಹತ್ತು ವರ್ಷ ಕೆಸರಲ್ಲಿ ಒಟ್ಟಿಗೆ ವ್ಯಾನು ತಳ್ಳಿದವರು. ಅವರ ಖುಷಿಗೆ ಅವಳು ಬೇಡ ಅನ್ನುವುದು ಹೇಗೆ? ತನಗೂ ಆಸೆ ಇರಲಿಲ್ಲವೆ? ಬಾರಿಸಬೇಕೆಂಬ ಆಸೆ ಅದು, ನಿಂತುಕೊಳ್ಳುವ ಆಸೆಯಲ್ಲ. ಅವಳು ತಟ್ಟೆ ಎತ್ತಿದ್ದಳು. ಬೆಳಿಗ್ಗೆ ಉತ್ತರ ಹೇಳುವುದಾಗಿ ಝೆನಿಕ್ ಕೈಕುಲುಕಿದ್ದ.

ಬೆಳಿಗ್ಗೆ ವಾದಿಮ್ ಮೇಜಿಗೆ ಬಂದು ಕೂತ. ಯುಸ್ತಿನಾ ಅವನ ಮುಂದೆ ಹೊಗೆಯಾಡುವ ಬಟ್ಟಲಿಟ್ಟಳು. ಅವನು ಚಮಚ ಅದ್ದಿದ, ಮೇಲೆತ್ತಿದ, ಕೇಸರಿ ಬಣ್ಣದ ತುಂಡೊಂದನ್ನು ನೋಡಿದ. ಮುಖ ಆ ತುಂಡಿಗಿಂತ ಕೆಂಪಾಯಿತು.

"ಇದು... ಕುಂಬಳಕಾಯಿ."

"ಹೌದ್ರೀ, ಸಿಹಿಯಾಗಿದೆ. ಇನ್ನೊಂದು ಸೌಟು ಹಾಕ್ಲಾ?"

"ಬೇಡ," ಎಂದು ಎದ್ದುನಿಂತ. "ಅರ್ಥ ಆಯ್ತು. ನಾನೂ ಪೋಲ್ತಾವಾ ಕಡೆಯ ಹಳ್ಳಿಯವನೇ. ಮೂವತ್ತು ವರ್ಷದ ಹಿಂದೆ ಒಬ್ಬಳು ಬಾಗಿಲಲ್ಲೇ ಇದನ್ನೇ ಕೈಗೆ ಕೊಟ್ಟಿದ್ಲು. ಬೇಯಿಸಿಯಾದ್ರೂ ಕೊಟ್ರಲ್ಲ, ಸಂತೋಷ." ಚೀಲ ಹೆಗಲಿಗೇರಿಸಿ ನಿಲ್ದಾಣದ ಕಡೆ ದಾಪುಗಾಲು ಹಾಕಿದ. ಗಂಡಸರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಲೆವ್ಕೋ ಮಾತ್ರ ಅವನ ಬಟ್ಟಲನ್ನೂ ತನ್ನ ಕಡೆಗೆ ಎಳೆದುಕೊಂಡ.

ಅಷ್ಟರಲ್ಲಿ ಅತ್ತೆ ಸ್ಟೆಫಾ ಚರ್ಚಿನಿಂದ ಬಂದು ಪಾತ್ರೆಯ ಮುಚ್ಚಳ ತೆಗೆದಳು, ಎದೆ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

"ಅಯ್ಯೋ ನಿನ್ನ ಮನೆ ಹಾಳಾಗ! ಕೇಳೋಕೆ ಬಂದವರಿಗೆ ಕುಂಬಳ ಇಟ್ಟೆಯಲ್ಲೇ! ಒಪ್ಪಿದ್ರೆ ಕಸೂತಿ ಟವೆಲ್ಲು, ಒಪ್ಪದಿದ್ರೆ ಕುಂಬಳಕಾಯಿ. ತೊಟ್ಟಿಲ ಕೂಸಿಗೂ ಗೊತ್ತು!"

"ಅವನು ಹೆಣ್ಣು ಕೇಳೋಕೆ ಬಂದಿದ್ನಾ ಅತ್ತೇ? ಬ್ಯಾಂಡ್ ಕೇಳೋಕೆ ಬಂದಿದ್ದ!"

"ಕೇಳೋದು ಅಂದ್ರೆ ಕೇಳೋದೇ ಕಣೇ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಎನ್ನುವ ಮೊದಲೇ ಮನುಷ್ಯ ಹೆಗಲು ಮುಟ್ಟಿಕೊಂಡು ಓಡಿದ್ದ. ಯುಸ್ತಿನಾಳ ಹೊಟ್ಟೆಯಿಂದ ನಗು ಬುಗ್ಗೆಯಂತೆ ಎದ್ದಿತು. ಅತ್ತೆಯೂ ಮುಚ್ಚಳ ಹಿಡಿದುಕೊಂಡೇ ಬೆಂಚಿನ ಮೇಲೆ ಕುಸಿದು ನಕ್ಕಳು. ಒಬ್ಬರನ್ನೊಬ್ಬರು ನೋಡಿದಷ್ಟೂ ನಗು ಉಕ್ಕಿ ಇಬ್ಬರಿಗೂ ಬಿಕ್ಕಳಿಕೆ ಬಂತು.

"ನಗೋ ಹೊತ್ತೇನೇ ಇದು!" ಝೆನಿಕ್ ಕೂದಲು ಕಿತ್ತುಕೊಂಡ. "ಟೆರ್ನೋಪಿಲ್ ರೈಲು ಈಗ ಬಂದುಬಿಡುತ್ತೆ. ಓಡು, ಟವೆಲ್ಲು ಕೊಟ್ಟು ಸರಿಮಾಡು."

"ನೀವು ಓಡಿ."

"ಟವೆಲ್ಲು ಕಟ್ಟೋದು ಹೆಂಗಸರ ಕೆಲ್ಸ ಅಲ್ವಾ. ಆಮೇಲೆ ನನ್ನ ಕಾಲುಚೀಲ ಒಣಗಿಲ್ಲ."

ಕೆಡಿಸಿದ್ದು ಯಾರೇ ಆಗಲಿ, ಸರಿಮಾಡುವುದು ಹೆಂಗಸರ ಕೆಲಸ. ಅತ್ತೆ ಪೆಟ್ಟಿಗೆಯಿಂದ ತನ್ನ ಮದುವೆಯ ಕೆಂಪು ಕಪ್ಪು ಕಸೂತಿಯ ಟವೆಲ್ಲು ತೆಗೆದು ಕೊಟ್ಟಳು. ಯುಸ್ತಿನಾ ಟವೆಲ್ಲನ್ನು ಕೊರಳಿಗೆ ಸುತ್ತಿಕೊಂಡು ಸೈಕಲ್ ಹತ್ತಿದಳು. ಇಳಿಜಾರಿನಲ್ಲಿ ಸೈಕಲ್ ತಾನೇ ಓಡುತ್ತಿತ್ತು, ನಗು ಇನ್ನೂ ನಿಂತಿರಲಿಲ್ಲ. ಸೆರೆತ್ ನದಿಯ ಸೇತುವೆ ದಾಟುವಾಗ ಕೈ ತಾನಾಗಿ ಹ್ಯಾಂಡಲ್ಲಿನ ಮೇಲೆ ತಾಳ ಹಿಡಿಯಿತು. ಈ ಕೈಯನ್ನು ಕ್ಯಾಮೆರಾದ ಮುಂದೆ ಸುಮ್ಮನೆ ಆಡಿಸಬೇಕಂತೆ, ವೇದಿಕೆ ಇಳಿದ ಮೇಲೆ ಅದೇ ಕೈ ಕಡುಬಿಗೆ ಹಿಟ್ಟು ನಾದಬೇಕಂತೆ. ನಗು ಆಗ ನಿಂತಿತು.

ನಿಲ್ದಾಣದ ಮುಂದೆ ಅಜ್ಜಿಯರು ಸೂರ್ಯಕಾಂತಿ ಬೀಜ, ಸೇಬು, ಸಿಹಿಗುಂಬಳ ಹರವಿಕೊಂಡು ಕೂತಿದ್ದರು. ಯುಸ್ತಿನಾ ಸೈಕಲ್ ಒರಗಿಸಿದಳು. ಕೇಳಲು ಅತ್ತೆ ಇರಲಿಲ್ಲ, ಗಂಡ ಇರಲಿಲ್ಲ, ಯಾರೂ ಇರಲಿಲ್ಲ. ಅವಳು ಕುಕ್ಕರಗಾಲಲ್ಲಿ ಕೂತು ಒಂದು ಕುಂಬಳಕಾಯಿಯನ್ನು ಬೆರಳಿನಿಂದ ಬಡಿದಳು. ಇನ್ನೊಂದನ್ನು ಬಡಿದಳು. ಮತ್ತೊಂದನ್ನು ಬಡಿದು ಕಿವಿಯಿಟ್ಟಳು.

"ಏನಮ್ಮಾ, ಕೊಳ್ತೀಯೋ ಬಾರಿಸ್ತೀಯೋ?"

"ಎರಡೂ, ಅಜ್ಜೀ," ಎಂದು ಒಳ್ಳೆಯ ನಾದದ್ದನ್ನು ಕಂಕುಳಲ್ಲಿಟ್ಟುಕೊಂಡು ಎದ್ದಳು.

ವಾದಿಮ್ ಪ್ಲಾಟ್‌ಫಾರಂ ಕೊನೆಯಲ್ಲಿ ನಿಂತಿದ್ದ. ಅವಳು ಮೊದಲು ಟವೆಲ್ಲು ಬಿಚ್ಚಿ ಅವನ ಬಲಹೆಗಲಿನಿಂದ ಎಡಸೊಂಟಕ್ಕೆ ಕಟ್ಟಿದಳು. ಅವನು ಹೆಗಲು ಮುಟ್ಟಿ ನೋಡಿಕೊಂಡ. ಮುಖ ಅರಳಿತು.

"ಇದು ಗಂಡಸರ ಕಡೆಯಿಂದ. ಅವರು ಬರ್ತಾರೆ, ಚೆನ್ನಾಗಿ ನುಡಿಸ್ತಾರೆ. ಅಡುಗೆ ಬರಲ್ಲ, ಕಲಿಸ್ಕೊಳ್ಳಿ."

"ಮತ್ತೆ ನೀವು?"

ರೈಲು ಬಂದು ನಿಂತಿತು. ಯುಸ್ತಿನಾ ಕುಂಬಳಕಾಯಿಯನ್ನು ಅವನ ಎರಡೂ ಕೈಗಳ ಮೇಲೆ ಇಟ್ಟಳು.

"ಬೆಳಿಗ್ಗೆ ಕೊಟ್ಟಿದ್ದು ಗೊತ್ತಿಲ್ದೆ," ಎಂದಳು. "ಇದು ಗೊತ್ತಿದ್ದೇ."